ಈ ಗಿಡದ ಎಲೆಯನ್ನು ಯಾರು ತಿನ್ನುತ್ತಾರೆ?

ನಮಸ್ಕಾರ ಕೇಳುಗರೇ. ಮುಂಗಾರು ಶುರುವಾಯಿತು ಅಂದರೆ ನರ್ಸರಿಗಳಲ್ಲಿ ಜನ ಜಾಸ್ತಿ. ಕ್ರೋಟನ್, ಹಳದಿ ಡುರಾಂಟಾ, ಸುತ್ತು ದಾಸವಾಳ ಎಲ್ಲ ಕಾರಿನ ಡಿಕ್ಕಿ ತುಂಬಾ ಹೋಗುತ್ತವೆ. ನೋಡೋಕೆ ಚೆಂದವೇ. ಆದರೆ ಮನೆ ಮುಂದೆ ಚಿಟ್ಟೆ, ಹಕ್ಕಿ ಬರಲಿ ಅನ್ನುವ ಆಸೆ ಇದ್ದರೆ ಹೂವಿನ ಬಣ್ಣ ನೋಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಈ ಗಿಡದ ಎಲೆಯನ್ನು ಯಾರು ತಿನ್ನುತ್ತಾರೆ?

ಕರಿಬೇವನ್ನೇ ನೋಡಿ. ಅದರ ಎಲೆ ಮೇಲೆ ಕೆಲವೊಮ್ಮೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು ಬಿಳಿ ಚೂರೊಂದು ಕಾಣುತ್ತದೆ, ಅಲ್ವಾ? ಹತ್ತಿರ ಹೋಗಿ ನೋಡಿ, ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಇರಬಹುದು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಅದೇ ಹುಳು ಎಲೆಯ ಬಣ್ಣಕ್ಕೇ ಹೊಂದುವ ಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದೀತು, ಗಿಡ ಮತ್ತೆ ಚಿಗುರುತ್ತದೆ. ದಯವಿಟ್ಟು ಔಷಧಿ ಹೊಡೆಯಬೇಡಿ. ಹೂವಿನ ಮಕರಂದ ಕುಡಿಯುವ ಸೂರಕ್ಕಿ ಕೂಡ ಮರಿಗಳಿಗೆ ಹುಳು, ಜೇಡ ಹಿಡಿದು ತಂದು ತಿನ್ನಿಸುತ್ತದೆ. ಹುಳುವೇ ಇಲ್ಲದ ತೋಟದಲ್ಲಿ ಅದು ಮರಿ ಸಾಕುವುದಾದರೂ ಹೇಗೆ?

ಬಯಲುಸೀಮೆಯವರಿಗೆ ನಾನು ಮೊದಲು ಹೇಳುವುದು ತಂಗಡಿ. ರಸ್ತೆ ಬದಿಯಲ್ಲಿ, ಕಲ್ಲು ನೆಲದಲ್ಲಿ ಯಾರೂ ನೀರು ಹಾಕದಿದ್ದರೂ ಹಳದಿ ಹೂ ಬಿಡುವ ಗಿಡ. ಇದರ ಹೂವಿನಲ್ಲಿ ಮಕರಂದ ಇರುವುದಿಲ್ಲ, ಬರೀ ಪರಾಗ, ಅದೂ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ಕಪ್ಪಗಿರುವ ದೊಡ್ಡ ದುಂಬಿ ಬಂದು ಕೇಸರವನ್ನು ತಬ್ಬಿ ಹಿಡಿದು ಮೈ ನಡುಗಿಸುತ್ತದೆ, ಆ ಗುಯ್‌ಗುಟ್ಟುವಿಕೆಗೆ ಪರಾಗ ಪುಡಿಪುಡಿಯಾಗಿ ಹೊರಗೆ ಬೀಳುತ್ತದೆ. ಬೆಳಿಗ್ಗೆ ಗಿಡದ ಪಕ್ಕ ಸುಮ್ನೆ ನಿಂತರೆ ಇದು ಕಿವಿಗೇ ಕೇಳಿಸುತ್ತದೆ. ಇಂಥ ಗಿಡವನ್ನು ಕಳೆ ಅಂತ ಕಿತ್ತು ಹಾಕಿ ಕ್ರೋಟನ್ ನೆಡುವುದು ನನಗಂತೂ ಸಂಕಟದ ವಿಷಯ.

ಕರಾವಳಿ, ಮಲೆನಾಡಿನವರಿಗೆ ಕೇಪಳ ಇದ್ದೇ ಇದೆ. ಉದ್ದ ಕೊಳವೆಯ ಹೂ ದೊಡ್ಡ ಚಿಟ್ಟೆಗಳಿಗೆ, ಕೆಂಪು ಹಣ್ಣು ಪಿಕಳಾರಕ್ಕೆ, ಮಕ್ಕಳಿಗೂ. ಕತ್ತರಿಸಿ ಕತ್ತರಿಸಿ ಡಬ್ಬಿ ಮಾಡಬೇಡಿ, ಹೂವೂ ಇಲ್ಲ ಹಣ್ಣೂ ಇಲ್ಲ ಆಗುತ್ತದೆ. ದಾಸವಾಳದಲ್ಲಿ ಐದೇ ಎಸಳಿನದು ಒಳ್ಳೆಯದು. ಸುತ್ತು ದಾಸವಾಳದಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಹಾಗಾಗಿ ಪರಾಗ ಅಷ್ಟಾಗಿ ಸಿಗುವುದಿಲ್ಲ.

ಲಂಟಾನ ಮಾತ್ರ ಬೇಡ. ಚಿಟ್ಟೆ ಮುತ್ತುತ್ತದೆ ನಿಜ. ಆದರೆ ಹಕ್ಕಿಗಳು ಹಣ್ಣು ತಿಂದು ಬೀಜ ಎಲ್ಲೆಲ್ಲೋ ಹಾಕುತ್ತವೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಅದು ನೆಲವನ್ನೆಲ್ಲ ಮುಚ್ಚಿ ಹುಲ್ಲಿಗೇ ಜಾಗವಿಲ್ಲದಂತೆ ಮಾಡಿದೆ.

ತಂಗಡಿ ಬೀಜಕ್ಕೆ ದುಡ್ಡು ಕೊಡಬೇಕಿಲ್ಲ, ಒಣಗಿದ ಕಾಯಿ ರಸ್ತೆ ಬದಿಯಲ್ಲೇ ಸಿಗುತ್ತದೆ. ಸಿಪ್ಪೆ ಗಟ್ಟಿ, ಹಾಗಾಗಿ ಬಿಸಿ ನೀರಿಗೆ ಹಾಕಿ ಒಂದು ರಾತ್ರಿ ಬಿಟ್ಟು, ಆಮೇಲೆ ಬಿತ್ತಿ. ಬಿಸಿಲು ಬೀಳುವ ಜಾಗ ಆಗಬೇಕು, ನೀರು ನಿಲ್ಲಬಾರದು, ಅಷ್ಟೇ. ನಮಸ್ಕಾರ.