ತಂಬೂರಿ ಪದ ಕೇಳೋಕೆ ಮನೆಮಂದಿಯೆಲ್ಲ ಹೊರಟೆವು | ಸಂಸ ಬಯಲು ರಂಗಮಂದಿರ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕೆ.ಆರ್. ಮಾರ್ಕೆಟ್ ಮೆಟ್ರೋದಿಂದ ಮೇಲೆ ಬಂದಿದ್ದೇವೆ. ಮುಂದೆ ಹಸಿರು ಸೀರೆಯಲ್ಲಿ ಹೋಗುತ್ತಿರುವುದು ನಮ್ಮತ್ತೆ. ಅವರ ಕೈ ಹಿಡಿದಿರುವುದು ನನ್ನ ಮಗ. ನಮ್ಮನೆಯವರು ಹಿಂದೆ ಎಲ್ಲೋ ಇದ್ದಾರೆ, ಕಡಲೆಕಾಯಿ ತಗೊಂಡು ಬರ್ತೀನಿ ಅಂದರು. ಬರಲಿ. ನನಗೆ ನಿಂತು ಕಾಯುವಷ್ಟು ತಾಳ್ಮೆ ಇವತ್ತು ಇಲ್ಲ. ಇವತ್ತು ನಮ್ಮ ತಂಬೂರಯ್ಯನವರು ತಂಬೂರಿ ಮೀಟಿಕೊಂಡು ದೇವರ ಕಥೆ ಹಾಡುತ್ತಾರೆ.

ಅವರ ಹೆಸರು ಸ್ಕ್ರೀನ್ ಮೇಲೆ ಹಾಕಿದ್ದೇನೆ, ನೋಡಿ. ನಮ್ಮ ಊರಲ್ಲಿ ಯಾರೂ ಹೆಸರು ಹಿಡಿದು ಕರೆಯಲ್ಲ. ನಮ್ಮವ್ವನಿಗೂ ತಂಬೂರಯ್ಯ, ನನಗೂ ತಂಬೂರಯ್ಯನೇ. ನನ್ನ ತವರು ಕೊಳ್ಳೇಗಾಲದ ಕಡೆ. ನಾನು ಚಿಕ್ಕವಳಿದ್ದಾಗ ಅದಿನ್ನೂ ಮೈಸೂರು ಜಿಲ್ಲೆ, 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು. ಆ ಕಡೆಯವರಿಗೆ ಮಾದಪ್ಪ, ಸಿದ್ದಪ್ಪಾಜಿ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಉಳಿದವರಿಗೆ, ಮಾದಪ್ಪ ಅಂದರೆ ಮಲೆ ಮಹದೇಶ್ವರ, ಸಿದ್ದಪ್ಪಾಜಿ ಅಂದರೆ ಮಂಟೇಸ್ವಾಮಿಯ ಶಿಷ್ಯ, ಇಬ್ಬರೂ ನಮ್ಮ ಕಡೆಯ ದೇವರು. ಮನೆಯಲ್ಲಿ ತಂಬೂರಯ್ಯನವರ ಕ್ಯಾಸೆಟ್ ಇತ್ತು. ಅವ್ವ ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುವಾಗ ಟೇಪ್ ರೆಕಾರ್ಡರ್ ಹಾಕುತ್ತಿದ್ದಳು. ಒಂದು ಬದಿ ಮುಗಿದರೆ ಅವಳ ಕೈ ಪೂರ್ತಿ ಹಿಟ್ಟು, ಕ್ಯಾಸೆಟ್ ತಿರುಗಿಸಿ ಹಾಕುವುದು ನನ್ನ ಕೆಲಸ. ಹಾಗಾಗಿ ಕಥೆ ಯಾವ ಮಾತಿಗೆ ನಿಲ್ಲುತ್ತೆ, ಯಾವ ಮಾತಿಂದ ಮತ್ತೆ ಶುರುವಾಗುತ್ತೆ ಅಂತ ನನಗೆ ಈಗಲೂ ಬಾಯಿಗೆ ಬರುತ್ತದೆ.

ಇದು ಟೌನ್ ಹಾಲ್. ಇಲ್ಲಿಂದ ಸ್ವಲ್ಪ ಮುಂದೆ ಜೆ.ಸಿ. ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರ. ಕಾರ್ಯಕ್ರಮ ಕಲಾಕ್ಷೇತ್ರದ ಒಳಗಲ್ಲ, ಅದರ ಹಿಂದಿರುವ ಸಂಸ ಬಯಲು ರಂಗಮಂದಿರದಲ್ಲಿ. ಸಂಸ ಅಂದರೆ ನಾಟಕಕಾರರು, 1939ರಲ್ಲಿ ತೀರಿಕೊಂಡರು. ಮೇಲೆ ಆಕಾಶ, ಕೂರೋಕೆ ಮೆಟ್ಟಿಲು. ನಮ್ಮ ಕಡೆ ಪದ ಹಾಡುವುದೂ ಗುಡಿ ಮುಂದೆ, ಅಂಗಳದಲ್ಲಿ, ಬಯಲಲ್ಲೇ. ಅದಕ್ಕೆ ಈ ಜಾಗ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ಎಸಿ ಹಾಲ್‌ನಲ್ಲಿ ತಂಬೂರಿ ಕೇಳೋದು ನನಗೆ ಇಷ್ಟ ಇಲ್ಲ. ಮಳೆ ಬಂದರೆ? ಬಂದರೆ ನೆನೆಯೋದು, ಅಷ್ಟೇ.

ಬೋಂಡಾ ತಿಂದಿದ್ದು, ಟೀ ಕುಡಿದಿದ್ದು ಎಲ್ಲ ನೀವೇ ನೋಡಿದಿರಿ. ನಮ್ಮತ್ತೆ ಎರಡನೇ ಬೋಂಡಾ ಮಗನಿಗೆ ಕೊಟ್ಟು, ಮೂರನೆಯದು ತಗೊಂಡರು. ಇರಲಿ.

ಈಗ ಕೂತಿದ್ದೇವೆ. ಐದನೇ ಮೆಟ್ಟಿಲು, ಸರಿಯಾಗಿ ಮಧ್ಯಕ್ಕೆ. ಆಹ್ವಾನ ಪತ್ರಿಕೆಯಲ್ಲಿ ಸಂಜೆ ಐದೂವರೆ ಅಂತ ಇದೆ. ತಂಬೂರಯ್ಯನವರ ಹೆಸರಿನ ಮುಂದೆ ಆರು ಗಂಟೆ. ಗಡಿಯಾರ ನೋಡಿಕೊಳ್ಳಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೋಡಿ, ಇದು ಆರೂಕಾಲು. ವೇದಿಕೆ ಮೇಲೆ ಕುರ್ಚಿ ಹಾಕುತ್ತಿದ್ದಾರೆ. ಹಾಕುತ್ತಲೇ ಇದ್ದಾರೆ. ಹನ್ನೊಂದು ಕುರ್ಚಿ ಆಯಿತು. ಕುರ್ಚಿ ಜಾಸ್ತಿ ಆದಷ್ಟೂ ನನಗೆ ಭಯ. ಕುರ್ಚಿಗೊಂದು ಭಾಷಣ ಇರುತ್ತೆ ಅಲ್ವಾ.

ಆಯೋಜಕರು ಯಾರು ಅಂತ ನಾನು ಹೇಳುವುದಿಲ್ಲ. ಆದರೆ ಇದನ್ನು ಎಡಿಟ್ ಮಾಡಿ ತೆಗೆಯುವುದೂ ಇಲ್ಲ. ಮೊದಲು ಸ್ವಾಗತ. ಆಮೇಲೆ ಪ್ರಾಸ್ತಾವಿಕ ನುಡಿ. ಆಮೇಲೆ ಉದ್ಘಾಟನೆ, ದೀಪ ಗಾಳಿಗೆ ಆರಿಹೋಗುತ್ತಿತ್ತು, ಪಾಪ ಒಬ್ಬ ಹುಡುಗ ರಟ್ಟು ಅಡ್ಡ ಹಿಡಿದು ನಿಂತಿದ್ದ. ಆಮೇಲೆ ಒಬ್ಬೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋಗೆ ಎಲ್ಲರೂ ಬರಬೇಕು. ಒಬ್ಬರು ಬಂದಿಲ್ಲ ಅಂತ ಮೈಕಿನಲ್ಲಿ ಕೂಗುತ್ತಾರೆ. ಅವರು ಬಂದ ಮೇಲೆ ಮತ್ತೆ ಫೋಟೋ. ಅತಿಥಿಗಳು ಮಾತಾಡಿದರು. ಏನು ಮಾತಾಡಿದರು? ಜಾನಪದ ಉಳಿಸಬೇಕು. ಎಲ್ಲರೂ ಅದೇ ಹೇಳಿದರು, ಉಳಿಸಬೇಕು, ಬೆಳೆಸಬೇಕು. ಉಳಿಸಿಕೊಂಡು ಬಂದವರು ವೇದಿಕೆಯ ಪಕ್ಕದಲ್ಲಿ, ಆ ಬ್ಯಾನರ್ ಕಂಬದ ಹಿಂದೆ, ತಂಬೂರಿ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಜೂಮ್ ಮಾಡಿ ತೋರಿಸುತ್ತಿದ್ದೇನೆ, ಕಾಣಿಸುತ್ತಾ? ಬಿಳಿ ಪಂಚೆ, ಕೊರಳಲ್ಲಿ ರುದ್ರಾಕ್ಷಿ. ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದಾರೋ ಇಲ್ಲವೋ. ನಮ್ಮನೆಯವರ ಕೈಲಿ ನೀರಿನ ಬಾಟ್ಲಿ, ಕಡಲೆಕಾಯಿ ಕೊಟ್ಟು ಕಳಿಸಿದೆ. ಅವರು ಎರಡೂ ಕೈಯಲ್ಲಿ ತಗೊಂಡು ಹಿಮ್ಮೇಳದವರಿಗೆ ಮೊದಲು ಕೊಟ್ಟರಂತೆ.

ಏಳೂ ಮುಕ್ಕಾಲು. ಕೋಪ ಬರುತ್ತೆ ಕಣ್ರೀ. ತಂಬೂರಿ ಪದ ಅಂದರೆ ಒಂದು ಹಾಡಲ್ಲ. ಅದು ಕಥೆ. ನಮ್ಮ ಕಡೆ ರಾತ್ರಿ ಊಟ ಆದ ಮೇಲೆ ಶುರು ಮಾಡಿದರೆ ಕೋಳಿ ಕೂಗೋವರೆಗೂ ನಡೆಯುತ್ತೆ. ಮಂಟೇಸ್ವಾಮಿ ಕಥೆ ಹಾಡುವವರು ನೀಲಗಾರರು. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವವರು ದೇವರ ಗುಡ್ಡರು. ನಮ್ಮ ತಂಬೂರಯ್ಯನವರು ನೀಲಗಾರರು, ಆದರೆ ಎರಡೂ ಕಥೆ ಹಾಡುತ್ತಾರೆ. ಮಾದಪ್ಪನ ಕಥೆಯಲ್ಲಿ ಸಾಲು ಅಂತ ಇರುತ್ತವೆ, ಅಂದರೆ ಕಥೆಯ ಒಂದೊಂದು ಭಾಗ. ಶ್ರವಣ ದೊರೆ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲಿಗೂ ಗಂಟೆಗಟ್ಟಲೆ ಬೇಕು. ಅಂಥವರನ್ನು ಕರೆಸಿ ಎಷ್ಟು ಹೊತ್ತು ಕೊಟ್ಟರು ಗೊತ್ತಾ? ಇಪ್ಪತ್ತು ನಿಮಿಷ. ಅದೂ ನಿರೂಪಕರು ಮೈಕಿನಲ್ಲೇ ಹೇಳಿದರು, "ಸಮಯದ ಅಭಾವ ಇರೋದರಿಂದ ಕಲಾವಿದರು ಸಹಕರಿಸಬೇಕು" ಅಂತ. ಅಭಾವ ಮಾಡಿದ್ದು ಯಾರು?

ಬಂದರು, ಬಂದರು. ಸ್ವಲ್ಪ ಹೊತ್ತು ನಾನು ಮಾತಾಡಲ್ಲ, ನೀವೂ ಕೇಳಿ.

ಇದೊಂದು ಮಾತ್ರ ಹೇಳಿಬಿಡುತ್ತೇನೆ, ಯಾಕೆಂದರೆ ವಿಡಿಯೋದಲ್ಲಿ ಸರಿಯಾಗಿ ಕೇಳಿಸಲ್ಲ. ಮೈಕಿನ ಹುಡುಗ ಬಂದು ಬಾಯಿ ಎತ್ತರಕ್ಕೆ ಸ್ಟ್ಯಾಂಡ್ ನಿಲ್ಲಿಸಿ ಹೊರಟ. ತಂಬೂರಯ್ಯನವರು ಅವನನ್ನು ಕರೆದು, "ಮಗ, ನನ್ಗೆ ಬ್ಯಾಡ, ಇದ್ಕೊಂದು ಕೊಡು" ಅಂತ ತಂಬೂರಿ ತೋರಿಸಿದರು. ಅವನು ಇನ್ನೊಂದು ಮೈಕು ತಂದು ಕೆಳಗೆ ಇಟ್ಟ. ಅವರು ಬಿರಡೆ ತಿರುಗಿಸಿ, ಕಿವಿ ಹತ್ತಿರ ತಂದು ಮೀಟಿ, ಮತ್ತೆ ತಿರುಗಿಸಿ, ಮತ್ತೆ ಮೀಟಿದರು. ನಿರೂಪಕರು ವಾಚು ನೋಡುತ್ತಿದ್ದರು. ಇವರು ಅವರ ಕಡೆ ತಿರುಗಿಯೂ ನೋಡಲಿಲ್ಲ. ಶ್ರುತಿ ಕೂಡುವ ತನಕ ಬಾಯಿ ತೆಗೆಯಲಿಲ್ಲ. ಇದಕ್ಕೇ ನನಗೆ ಇವರು ಅಂದರೆ ಪ್ರಾಣ.

ಒಂದು ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಗಗ್ಗರ ನೋಡಿ. ಪಕ್ಕದಲ್ಲಿ ದಮ್ಮಡಿ ಅನ್ನೋ ಚರ್ಮವಾದ್ಯ, ತಾಳ. ಆಮೇಲೆ, ಆ ಮೂಲೆಯಲ್ಲಿ ಕೀಬೋರ್ಡ್ ಮತ್ತು ರಿದಂ ಪ್ಯಾಡ್. ಅವರು ತಂಬೂರಯ್ಯನವರ ಕಡೆಯವರಲ್ಲ, ಆಯೋಜಕರು ಸೇರಿಸಿದ್ದು. ನೋಡಿದ ತಕ್ಷಣ ನನ್ನ ಹೊಟ್ಟೆ ಉರಿದುಹೋಯಿತು. ತಂಬೂರಿ ಪದಕ್ಕೆ ಕೀಬೋರ್ಡ್ ಯಾಕೆ ಬೇಕು? ಆದರೆ ನಿಜ ಹೇಳಬೇಕು, ಆ ಪ್ಯಾಡ್ ಹುಡುಗ ಒಳ್ಳೆಯವನು. ಎರಡು ನಿಮಿಷ ಬಾರಿಸಿ, ಕಥೆ ಶುರುವಾದಾಗ ತಾನೇ ಕೈ ಕಟ್ಟಿಕೊಂಡು ಕೇಳುತ್ತಾ ಕೂತ. ಕೀಬೋರ್ಡ್‌ನವರು ಮಾತ್ರ ಬಿಡಲಿಲ್ಲ.

ಮೊದಲು ಎಲ್ಲರಿಗೂ ಗೊತ್ತಿರುವ ಆ ಮಲ್ಲಿಗೆ ಹಾಡು. ಜನ ಚಪ್ಪಾಳೆ ತಟ್ಟಿದರು, ನನ್ನ ಮಗ ಎದ್ದು ಕುಣಿದ. ಅದು ಮುಗಿದ ಮೇಲೆ ಸಂಕಮ್ಮನ ಸಾಲು ಎತ್ತಿಕೊಂಡರು. ನನಗೆ ಮೈ ಜುಂ ಅಂದಿತು. ನಮ್ಮತ್ತೆ ತುಮಕೂರಿನ ಕಡೆಯವರು, ಅವರಿಗೆ ಈ ಕಥೆ ಗೊತ್ತಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದವರು ಸುಲಿಯೋದು ನಿಲ್ಲಿಸಿದರು. ನೀಲೇಗೌಡ ಜೇನಿಗೆ ಹೊರಡುತ್ತಾನೆ, ಹೊರಡುವ ಮುಂಚೆ ಹೆಂಡತಿಯ ಹತ್ತಿರ ಬಲಗೈ ಭಾಷೆ ಕೇಳುತ್ತಾನೆ, ಅಂದರೆ ನಾನು ಬರೋವರೆಗೂ ನಡತೆ ಕೆಡಲ್ಲ ಅಂತ ಕೈ ಮೇಲೆ ಆಣೆ ಮಾಡು ಅಂತ. ಸಂಕಮ್ಮ ಕೊಡಲ್ಲ ಅನ್ನುತ್ತಾಳೆ. ಅಲ್ಲಿಗೆ ತಂಬೂರಯ್ಯನವರು ದನಿ ತಗ್ಗಿಸಿದರು. ಹಿಮ್ಮೇಳದವರು ಕೊನೆಯ ಮಾತು ಹಿಡಿದು ಎಳೆದರು.

ಅಷ್ಟರಲ್ಲಿ ಚೀಟಿ ಬಂತು. ನೋಡಿ, ಅದೇ, ನಿರೂಪಕರು ಪಕ್ಕದಿಂದ ಬಂದು ಕೈಗೆ ಚೀಟಿ ಕೊಟ್ಟರು. ತಂಬೂರಯ್ಯನವರು ಓದಲಿಲ್ಲ, ಅದರಲ್ಲಿ ಏನಿದೆ ಅಂತ ಗೊತ್ತೇ ಇತ್ತು. ಇನ್ನೆರಡು ಮಾತು ಹಾಡಿ, ಮಾದಪ್ಪನಿಗೆ ಉಘೇ ಹೇಳಿ, ಕೈ ಮುಗಿದು ಎದ್ದರು. ಸಂಕಮ್ಮ ಅಲ್ಲೇ ನಿಂತಳು.

ಮೆಟ್ಟಿಲ ಮೇಲಿಂದ "ಇನ್ನೂ ಹಾಡಿಸಿ" ಅಂತ ಕೂಗಿದ್ದು ನಾನೇ. ನನ್ನ ಜೊತೆ ಇನ್ನೂ ಹತ್ತಾರು ಜನ ಕೂಗಿದರು. ವಂದನಾರ್ಪಣೆ ಶುರು ಮಾಡಿಬಿಟ್ಟರು. ವಂದನಾರ್ಪಣೆ ಎಷ್ಟು ಹೊತ್ತು ನಡೆಯಿತು ಅಂತ ಕೇಳಬೇಡಿ.

ಆಗ ನನಗೆ ಅನ್ನಿಸಿದ್ದು, ಇನ್ನು ಬೆಂಗಳೂರಿನ ಕಾರ್ಯಕ್ರಮಕ್ಕೆ ಬರಲೇಬಾರದು, ಕೇಳಬೇಕು ಅಂದರೆ ನಮ್ಮ ಕಡೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಹೋಗಬೇಕು ಅಂತ. ಜನವರಿ ಸುಮಾರಿಗೆ ಐದು ದಿನ ನಡೆಯುತ್ತೆ, ಬಿದಿರು, ಬಟ್ಟೆಯಲ್ಲಿ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ, ಅಲ್ಲಿ ನೀಲಗಾರರನ್ನು ಯಾರೂ ಚೀಟಿ ಕೊಟ್ಟು ಎಬ್ಬಿಸಲ್ಲ. ಆದರೆ ಈ ಮಾತನ್ನೂ ವಾಪಸ್ ತಗೊಳ್ಳುತ್ತೇನೆ. ನಮ್ಮತ್ತೆಗೆ ಮಂಡಿ ನೋವು, ಮಗನಿಗೆ ಸ್ಕೂಲು, ಅಷ್ಟು ದೂರ ಎಲ್ಲರೂ ಹೋಗೋಕೆ ಆಗಲ್ಲ. ಮೆಟ್ರೋ ಹತ್ತಿ ಬಂದು ಅವರ ಮುಂದೆ ಕೂತುಕೊಳ್ಳೋಕೆ ಸಿಕ್ಕಿತಲ್ಲ. ಇಪ್ಪತ್ತು ನಿಮಿಷ ಅಂತ ಇಲ್ಲಿ ಬರೋದು ಬಿಟ್ಟರೆ ನನ್ನ ಮಗ ತಂಬೂರಿ ನೋಡುವುದು ಯಾವಾಗ?

ಇದು ವೇದಿಕೆ ಹಿಂದೆ. ಕತ್ತಲು, ಕ್ಷಮಿಸಿ. ತಂಬೂರಿಗೆ ಬಟ್ಟೆ ಸುತ್ತುತ್ತಿದ್ದಾರೆ ನೋಡಿ, ಹಳೆ ಪಂಚೆ. ಕಾಲಿಗೆ ಬಿದ್ದೆ. "ಯಾವೂರವ್ವ" ಅಂದರು. ಹೇಳಿದೆ. "ಓ, ನಮ್ಮ ಕೂಸೇ ಕಣ" ಅಂದರು. ನನಗೆ ಮುಂದೆ ಮಾತು ಬರಲಿಲ್ಲ. ಕ್ಯಾಸೆಟ್ ವಿಷಯ, ಅವ್ವನ ವಿಷಯ, ಹೇಳಬೇಕು ಅಂತ ಇಡೀ ವಾರ ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿಯಿತು. ನಮ್ಮನೆಯವರೇ ಹೇಳಿದರು ಎಲ್ಲಾನೂ. ನನ್ನ ಮಗ ತಂಬೂರಿ ಮುಟ್ಟಬಹುದಾ ಅಂತ ಕೇಳಿದ. ಅವರು ಬಟ್ಟೆ ಮತ್ತೆ ಬಿಚ್ಚಿ, ಅವನ ಬೆರಳು ಹಿಡಿದು ತಂತಿ ಮೇಲಿಟ್ಟು, "ಉಗುರಲ್ಲಿ ಅಲ್ಲ ಕಂದ, ಬೆರಳಿನ ಮಾಂಸದಲ್ಲಿ ಮೀಟು" ಅಂದರು. ಸದ್ದು ಬಂತು. ಅವನ ಮುಖ ನೋಡಿ.

ಹಾಡೋಕೆ ಬಿಡಲಿಲ್ಲವಲ್ಲ ಅಂದೆ. ಅವರಿಗೆ ಬೇಜಾರು ಆಗಿರಲಿಲ್ಲ ಅಂತ ಅಲ್ಲ, ಆಗಿತ್ತು. "ಕತೆ ಅರ್ದಕ್ಕೆ ನಿಲ್ಲಿಸ್ಬಾರ್ದು ಅಂತಾರೆ ಕಣವ್ವ. ಮನ್ಗೆ ಹೋಗಿ ನೀನಾದ್ರೂ ಮುಗ್ಸು" ಅಂದರು. ಅವರ ವ್ಯಾನಿನವರು ಹಾರ್ನ್ ಹೊಡೆಯುತ್ತಿದ್ದರು.

ಅದಕ್ಕೇ ಈಗ, ಮೆಟ್ರೋದಲ್ಲಿ, ನಮ್ಮತ್ತೆಗೆ ಕಥೆ ಮುಗಿಸುತ್ತಿದ್ದೇನೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿದೆವು, ಸೀಟು ಸಿಕ್ಕಿತು. ಹತ್ತಿದ ತಕ್ಷಣ ಅವರೇ ಕೇಳಿದರು, "ಅಮ್ಮಣ್ಣಿ, ಆ ಹುಡುಗಿ ಕೈ ಭಾಷೆ ಕೊಟ್ಟಳಾ ಇಲ್ವಾ?" ಅಂತ.

ಕೊಡಲಿಲ್ಲ. ಮದುವೆಯಾಗಿ ಬಂದವಳು ನಾನು, ಈಗ ಮತ್ತೆ ಯಾಕೆ ಭಾಷೆ ಕೊಡಬೇಕು ಅಂದಳು. ನೀಲೇಗೌಡ ಕಾಡಿನ ಸೋಲಿಗ ಬುಡಕಟ್ಟಿನವನು, ಕಾಡಿಗೆ ಹೋದರೆ ಬೇಗ ಬರುವವನಲ್ಲ. ಮಕ್ಕಳಿಲ್ಲ. ಅನುಮಾನ. ಭಾಷೆ ಕೊಡದಿದ್ದಕ್ಕೆ ಅವಳಿಗೆ ಕೊಡಬಾರದ ಹಿಂಸೆ ಕೊಟ್ಟ. ಕ್ಯಾಸೆಟ್ಟಿನಲ್ಲಿ ಈ ಭಾಗ ಬಂದಾಗ ನಮ್ಮವ್ವ ಜರಡಿ ಕೆಳಗಿಟ್ಟು ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಹಿಂಸೆಯಲ್ಲಿ ಸಂಕಮ್ಮ ಮಾದಪ್ಪನನ್ನು ಕರೆದಳು. ಮಾದಪ್ಪ ಬಂದ. ಅವಳನ್ನು ಕಾಪಾಡಿ ಮಕ್ಕಳ ಫಲ ಕೊಟ್ಟ. ಕಾರಯ್ಯ, ಬಿಲ್ಲಯ್ಯ ಅಂತ ಇಬ್ಬರು ಗಂಡುಮಕ್ಕಳು.

"ಗಂಡ ಬಂದು ಏನಂದ?" ಅಂತ ನಮ್ಮತ್ತೆ. ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸರೂ ಈ ಕಡೆ ತಿರುಗಿದ್ದಾರೆ, ಅವರ ಮುಖ ತೋರಿಸಲ್ಲ. ಹೇಳುತ್ತೇನೆ ಇರಿ ಅತ್ತೆ. ಇದು ಸುಮ್ನೆ ಒಂದು ಮಾತಲ್ಲಿ ಹೇಳೋ ಕಥೆ ಅಲ್ಲ. ನಮ್ಮನೆಯವರು ಹೇಳುತ್ತಿದ್ದಾರೆ, ಸಂಕಮ್ಮ ತಪ್ಪು ಮಾಡಿಲ್ಲ ಅಂದಮೇಲೆ ಭಾಷೆ ಕೊಟ್ಟುಬಿಡಬಹುದಿತ್ತಲ್ಲ ಅಂತ. ರೀ, ಇದನ್ನು ನಮ್ಮವ್ವನ ಮುಂದೆ ಹೇಳಿ ನೋಡಿ! ನಮ್ಮತ್ತೆಗೂ ಸಿಟ್ಟು ಬಂತು, "ಅವಳು ಯಾಕೆ ಕೊಡಬೇಕೋ" ಅಂತ ಮಗನಿಗೆ ಜೋರು ಮಾಡುತ್ತಿದ್ದಾರೆ. ನಾನು ನಮ್ಮತ್ತೆ ಕಡೆ.

ಹೊಸಹಳ್ಳಿ ದಾಟಿತು. ತಂಬೂರಯ್ಯನವರ ನಂಬರ್ ತಗೊಂಡಿದ್ದೇನೆ, ಇಲ್ಲಿ ಹಾಕಲ್ಲ. ನಿಮ್ಮ ಊರ ಹಬ್ಬಕ್ಕೆ ರಾತ್ರಿ ಪೂರ್ತಿ ಕಥೆ ಮಾಡಿಸೋರು ಇದ್ದರೆ ನನಗೆ ಮೆಸೇಜ್ ಮಾಡಿ, ಅವರನ್ನು ಕೇಳಿ ತಿಳಿಸುತ್ತೇನೆ. ರಾತ್ರಿ ಪೂರ್ತಿ ಅಂದರೆ ಪೂರ್ತಿ, ಇಪ್ಪತ್ತು ನಿಮಿಷ ಅನ್ನೋದಾದರೆ ನಾನು ಉತ್ತರ ಕೊಡಲ್ಲ. ವಿಜಯನಗರ ಬಂತು, ನಾವು ಅತ್ತಿಗುಪ್ಪೆಯಲ್ಲಿ ಇಳಿಯಬೇಕು. ಮಗ ನಿದ್ದೆ ಹೋಗಿದ್ದಾನೆ, ಎತ್ತಿಕೊಳ್ಳಿ ರೀ. ಕ್ಯಾಮೆರಾ ಆಫ್ ಮಾಡುತ್ತಿದ್ದೇನೆ, ನೀಲೇಗೌಡ ಕಾಡಿಂದ ವಾಪಸ್ ಬಂದಿದ್ದು ನಮ್ಮತ್ತೆಗೆ ಮನೆಯವರೆಗೆ ನಡೆಯುತ್ತಾ ಹೇಳಬೇಕು.