ಫೈಲು ಬಿಚ್ಚಲು ಬಿಡುವ ಗುರು

ಎಲ್ಲರಿಗೂ ನಮಸ್ಕಾರ. ಭಾನುವಾರ ಸೈಟು ತೋರಿಸುವುದು ಬಿಟ್ಟು ಹಾಸನದಲ್ಲಿ ಇಷ್ಟು ಜನ ರಿಯಲ್ ಎಸ್ಟೇಟ್ ಏಜೆಂಟರು ಒಂದೇ ಕಡೆ ಕೂತಿದ್ದೀರಿ. ಒಂದೋ ವ್ಯಾಪಾರ ಡಲ್ಲು, ಇಲ್ಲ ಕಲಿಯುವ ಆಸೆ ಜಾಸ್ತಿ. ಎರಡನೆಯದು ಅಂದುಕೊಂಡೇ ಮಾತಾಡುತ್ತೇನೆ.

ಹೊಸಬರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಅಣ್ಣ, ಯಾರ ಹತ್ತಿರ ಸೇರಿಕೊಳ್ಳಲಿ?' ಬಿ.ಎಂ. ರಸ್ತೆಯಲ್ಲಿ ದೊಡ್ಡ ಬೋರ್ಡು ಹಾಕಿದವರ ಹತ್ತಿರವೇ ಮೊದಲು ಹೋಗುತ್ತಾರೆ. ನಾನೂ ಹಾಗೆ ಒಬ್ಬರ ಹತ್ತಿರ ಹೋಗಿದ್ದೆ. ಆರು ತಿಂಗಳು ಪಾರ್ಟಿಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಸುತ್ತಿದೆ. ಫೈಲಿನ ದಾರ ಬಿಚ್ಚಲು ಒಂದು ದಿನವೂ ಬಿಡಲಿಲ್ಲ. ಪೆಟ್ರೋಲು ನನ್ನದು, ಕಮಿಷನ್ ಅವರದು.

ಬೇಜಾರಾಗಿ ಹೊರಗೆ ಬಂದು ಸ್ವಂತವಾಗಿ ಒಂದು ವ್ಯವಹಾರಕ್ಕೆ ಕೈ ಹಾಕಿದೆ. ಆಲೂರು ಕಡೆ ಎರಡು ಎಕರೆ. ಪಹಣಿಯಲ್ಲಿ ಒಂದೇ ಹೆಸರು. ಇಸಿ, ಅಂದರೆ ಋಣಭಾರ ಪತ್ರ ತೆಗೆಸಿದೆ, ನಿಲ್ ಬಂತು. ಪಾರ್ಟಿಯಿಂದ ಟೋಕನ್ ಮುಂಗಡ ಕೊಡಿಸಿಬಿಟ್ಟೆ. ವಾರದೊಳಗೆ ಮಾರುವವರ ಇಬ್ಬರು ಅಕ್ಕಂದಿರು ಪಾಲು ಕೇಳಿ ಬಂದು ನಿಂತರು. ಅವರದೇನೂ ತಪ್ಪಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಇಸಿ ಹೇಳುವುದು ನೋಂದಣಿಯಾದ ಪತ್ರಗಳ ಕಥೆ. ಮನೆಯಲ್ಲಿ ಎಷ್ಟು ಮಕ್ಕಳು ಅಂತ ತಿಳಿಯಲು ವಂಶವೃಕ್ಷ ಕೇಳಬೇಕು. ಅಷ್ಟು ಹೇಳಿಕೊಡುವವರು ನನಗಿರಲಿಲ್ಲ. ಟೋಕನ್ ದುಡ್ಡಿನಲ್ಲಿ ಅರ್ಧ ನನ್ನ ಜೇಬಿನಿಂದ ಹೋಯಿತು.

ಆಗ ಸಿಕ್ಕಿದವರು ನನ್ನ ಗುರುಗಳು. ಅವರಿಗೆ ಬೋರ್ಡೇ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರಹಗಾರರೊಬ್ಬರ ಬೆಂಚಿನ ತುದಿಯೇ ಆಫೀಸು. ನನ್ನ ಕಥೆ ಕೇಳಿ ನಗಲಿಲ್ಲ. 'ನಾಳೆ ಬೇಲೂರು ರಸ್ತೆಗೆ ಬಾ' ಎಂದರು.

ಜಮೀನಿನ ನಡುವೆ ನಿಲ್ಲಿಸಿ, ಹಳೇ ಕ್ರಯಪತ್ರ ಕೈಗೆ ಕೊಟ್ಟು, 'ಚಕ್ಕುಬಂದಿ ಓದು' ಎಂದರು. ಚಕ್ಕುಬಂದಿ ಅಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವ ವಿವರ. ಪೂರ್ವಕ್ಕೆ ಹಳ್ಳ ಅಂತ ಬರೆದಿತ್ತು. 'ಎಲ್ಲಿದೆ ತೋರಿಸು.' ನೋಡಿದರೆ ಪೂರ್ವಕ್ಕೆ ಬೇರೆಯವರ ಶುಂಠಿ. ಹಳ್ಳ ಅದರಾಚೆ, ನಲವತ್ತು ಹೆಜ್ಜೆ ದೂರ. ನಡುವಿನ ಜಾಗ ಯಾರದು? ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯನ್ನು ಮಾತಾಡಿಸಿದರು. ಮೊದಲು ಮಳೆ, ಆಮೇಲೆ ಶುಂಠಿ ರೇಟು, ಆಮೇಲೆ ಮೊಮ್ಮಗಳ ಮದುವೆ. ಕೊನೆಗೆ ಹಳ್ಳ. ಹದಿನೈದು ನಿಮಿಷದಲ್ಲಿ ಒತ್ತುವರಿಯ ಪೂರ್ತಿ ಜಾತಕ ಹೊರಗೆ ಬಂತು. ಅಲ್ಲಿಂದಲೇ ಪಾರ್ಟಿಗೆ ಫೋನ್ ಮಾಡಿ, 'ಸರ್ವೆಯಲ್ಲಿ ಗಡಿ ಗುರುತಿಸಿ ಹದ್ದುಬಸ್ತು ಆಗುವವರೆಗೆ ಅಡ್ವಾನ್ಸ್ ಕೊಡಬೇಡಿ' ಎಂದರು. ಆ ವ್ಯವಹಾರ ಆಗಲೇ ಇಲ್ಲ. ವಾಪಸ್ ಬರುವಾಗ ನನ್ನ ಬೈಕಿಗೆ ಪೆಟ್ರೋಲು ಅವರೇ ಹಾಕಿಸಿದರು.

ಇಂಥವರನ್ನು ಹುಡುಕುವುದು ಹೇಗೆ? ಒಂದು ಹತ್ತು ದಿನ ರಿಜಿಸ್ಟ್ರಾರ್ ಕಚೇರಿ ಹತ್ತಿರ ಸುಮ್ನೆ ನಿಂತು ನೋಡಿ. ಯಾರ ಹತ್ತಿರ ಹಳೇ ಪಾರ್ಟಿಗಳೇ ಮತ್ತೆ ಬರುತ್ತಾರೆ ಅಂತ ಗಮನಿಸಿ. ಪತ್ರ ಬರಹಗಾರರನ್ನು, ಸರ್ವೆಯರ್‌ಗಳನ್ನು ವಿಚಾರಿಸಿ. ಯಾರ ಫೈಲು ಹೇಗಿರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿಕ್ಕಿದ ಮೇಲೆ 'ನನಗೆ ಗುರುವಾಗಿ' ಅಂತ ಕಾಲಿಗೆ ಬೀಳಬೇಡಿ, ಅವರಿಗೇ ಮುಜುಗರ. ಒಂದು ಫೈಲು ತೆಗೆದುಕೊಂಡು ಹೋಗಿ, 'ಈ 11ಇ ನಕ್ಷೆ ಸರಿ ಇದೆಯಾ, ಸ್ವಲ್ಪ ನೋಡ್ತೀರಾ?' ಅಂತ ಕೇಳಿ. 11ಇ ಅಂದರೆ ಜಮೀನಿನ ಒಂದು ಭಾಗ ಮಾರುವಾಗ ಬೇಕಾಗುವ ಸರ್ವೆ ನಕ್ಷೆ. ಬಯ್ದುಕೊಂಡಾದರೂ ಓದಿ ತೋರಿಸಿದರೆ ಬಿಡಬೇಡಿ. ಕಮಿಷನ್‌ನಲ್ಲಿ ಯಾರಿಗೆಷ್ಟು ಅನ್ನುವುದನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ದಾಕ್ಷಿಣ್ಯಕ್ಕೆ ಬಸುರಾಗಬೇಡಿ.

ಸೈಟಿನ ಗುರು ತೋಟಕ್ಕೆ ಸಾಲುವುದಿಲ್ಲ, ಅದೂ ನೆನಪಿರಲಿ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟ ಅಂದರೆ ದಾರಿ, ನೀರು, ಅರಣ್ಯದ ಗಡಿ ಎಲ್ಲ ನೋಡಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಅದಕ್ಕೆ ಆ ಕಡೆಯವರೇ ಒಬ್ಬರು ಬೇಕು.

ಇನ್ನೊಂದು, ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ವಿಷಯ. 'ನಿನಗ್ಯಾಕೆ ರೇರಾ ನಂಬರು, ನನ್ನದರಲ್ಲೇ ಮಾಡು' ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ರೇರಾ ನೋಂದಣಿ ಆಗಿರುವ ಲೇಔಟಿನ ಸೈಟು ಮಾರಿಸಲು ಏಜೆಂಟ್‌ಗೂ ನೋಂದಣಿ ಬೇಕು ಅಂತ 2016ರ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಬೆಳೆದು ಸೈಟಿನ ಬೆಲೆಯ ಶೇ 5ರವರೆಗೂ ಹೋಗಬಹುದು. ಆಗ ನಂಬರು ಕೊಟ್ಟವರು ಫೋನ್ ಎತ್ತುವುದಿಲ್ಲ.

ಕಾಫಿ ಬಂತು ಅಂತ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಫೈಲು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ತನ್ನಿ ಇಲ್ಲಿ. ಮೊದಲು ಚಕ್ಕುಬಂದಿ ಓದಿ, ಎಲ್ಲರಿಗೂ ಕೇಳಿಸಲಿ.