ಟವೆಲ್ ಕೆಳಗಿನ ಬೆರಳು, ಮೇಜಿನ ಮೇಲಿನ ದಾಳ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಈ ಬಿಸಿಲಿನಲ್ಲಿ, ರವಿವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದೀರಿ, ಅದೂ ದಾಳದ ಮಾತು ಕೇಳಲಿಕ್ಕೆ. ಹೊರಗೆ ಬೋರ್ಡು ಓದಿದ ಹಿರಿಯರೊಬ್ಬರು "ಏನ್ರೀ, ಹುಡುಗರಿಗೆ ಜೂಜು ಕಲಸ್ತೀರೇನು?" ಅಂದರು. ಜೂಜಲ್ಲ. ಟೇಬಲ್‌ಟಾಪ್ ಆರ್‌ಪಿಜಿ, ರೋಲ್ ಪ್ಲೇಯಿಂಗ್ ಗೇಮ್, ಅಂದರೆ ನಾಕೈದು ಮಂದಿ ಮೇಜಿನ ಸುತ್ತ ಕೂತು, ಆಡುತ್ತಾ ಆಡುತ್ತಾ ಒಂದು ಕತೆ ಕಟ್ಟುವುದು. ಆಟ ನಡೆಸುವವರಿಗೆ ಡಿಎಂ ಅನ್ನುತ್ತೇವೆ. ಉಳಿದವರಿಗೆ ಒಂದೊಂದು ಪಾತ್ರ. ಆದೀತೋ ಇಲ್ಲವೋ ಎಂದು ಅನುಮಾನ ಬಂದಲ್ಲಿ ದಾಳ. ಕತ್ತಿ ತಾಗಿತೇ ಎಂಬುದನ್ನು ದಾಳ ಹೇಳಿದರೆ ಯಾರದೂ ತಕರಾರಿಲ್ಲ. ಮಾತು ನಾಟಿತೇ ಎಂಬುದನ್ನು ದಾಳ ಹೇಳಹೊರಟಾಗ ಜಗಳ ಹತ್ತುತ್ತದೆ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ನವನಗರದ ನಮ್ಮ ಮನೆಯ ಮಾಳಿಗೆ ಮೇಲೆ ಆಡುತ್ತಿದ್ದೆವು. ಕತೆಯಲ್ಲಿ ರಾತ್ರಿ, ಹೊಳೆ ತುಂಬಿ ಬಂದಿದೆ, ಆಚೆ ದಂಡೆಗೆ ಹೋಗಲೇಬೇಕು. ಅಂಬಿಗ ಒಲ್ಲೆ ಅಂದ. ಹೋದ ವರ್ಷ ಇಂಥದೇ ಪೂರದಲ್ಲಿ ಅವನ ಮಗ ಕೊಚ್ಚಿಹೋಗಿದ್ದಾನೆ. ಒಬ್ಬ ಆಟಗಾರ ತನ್ನ ಪಾತ್ರದ ಬಾಯಿಂದ ಒಂದು ಮಾತೂ ಆಡಿಸದೆ "ಪರ್ಸುಯೇಷನ್ ಹಾಕ್ತೇನ್ರೀ" ಎಂದವನೇ, ಮಾತಿನಿಂದ ಒಪ್ಪಿಸುವ ಕೌಶಲಕ್ಕೆಂದು ಇಪ್ಪತ್ತು ಮುಖದ ದಾಳ ಉರುಳಿಸಿದ. 20 ಬಿತ್ತು. ಪಾತ್ರದ ಕೌಶಲದ 9 ಕೂಡಿಸಿದರೆ 29. ಎಲ್ಲರೂ ಹೋ ಎಂದರು. ನಾನೂ ಆ ಗದ್ದಲದಲ್ಲಿ ಅಂಬಿಗನ ಬಾಯಲ್ಲಿ "ಆತು, ಹತ್ರಿ" ಅನ್ನಿಸಿಬಿಟ್ಟೆ. ದೋಣಿ ನಡುಹೊಳೆಗೆ ಬಂದಾಗ ಮೂಲೆಯಲ್ಲಿ ಕೂತ ಹುಡುಗಿ ಮೆಲ್ಲಗೆ ಕೇಳಿದಳು: "ಅಲ್ಲ ಸರ್, ಮಗಾ ಸತ್ತದ್ದು ಮರತನೇನು?"

ಉತ್ತರ ಇರಲಿಲ್ಲ. ಆಮೇಲೆ ನಿಯಮದ ಪುಸ್ತಕಗಳನ್ನು ತಿರುವಿದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥ ಆಟ ತಂದದ್ದು 1974ರಲ್ಲಿ. ಅಪರಿಚಿತ ಪ್ರಾಣಿಯೋ ದರೋಡೆಕೋರನೋ ಎದುರಾದಾಗ ಅವನ ಮನಸ್ಸು ಹೇಗಿದೆ ಎಂದು ಆಗ ಆರು ಮುಖದ ಎರಡು ದಾಳ ಹಾಕಿ, ಕೂಡಿಸಿ ನೋಡುತ್ತಿದ್ದರು. ಎರಡು ದಾಳಕ್ಕೆ 36 ಬಗೆ. 7 ಬೀಳುವುದು ಅದರಲ್ಲಿ 6 ಬಗೆಯಲ್ಲಿ, 2 ಅಥವಾ 12 ಬೀಳುವುದು ಒಂದೊಂದೇ ಬಗೆಯಲ್ಲಿ. ಹೀಗಾಗಿ ಬಹಳ ಸಲ ಎದುರಿನವ ಹೊಡೆಯಲೂ ಬರುವುದಿಲ್ಲ, ಅಪ್ಪಿಕೊಳ್ಳಲೂ ಬರುವುದಿಲ್ಲ, ನಿಂತು ನೋಡುತ್ತಾನೆ. ಮಾತಿಗೆ ಜಾಗ ಸಿಗುವುದು ಅಲ್ಲಿ. ನನಗಿದು ಇವತ್ತಿಗೂ ಜಾಣ ನಿಯಮ.

ಅದೇ ಆಟದ 2000ದ ಮೂರನೆಯ ಆವೃತ್ತಿಯಲ್ಲಿ ಮಾತಿನಿಂದ ಒಲಿಸುವ ಡಿಪ್ಲೊಮಸಿ ಎಂಬ ಕೌಶಲ ಬಂತು. ವೈರಿಯನ್ನು ಉದಾಸೀನನನ್ನಾಗಿ ಮಾಡಲು ದಾಳ, ಕೌಶಲ ಕೂಡಿ 25 ಆಗಬೇಕು, ನೆರವಿಗೆ ನಿಲ್ಲುವವನನ್ನಾಗಿ ಮಾಡಲು 50. ಕಾಗದದ ಮೇಲೆ ಕಠಿಣ. ಆದರೆ ಮಟ್ಟ ಏರಿದಂತೆ ಪಾತ್ರದ ಕೌಶಲವೂ ಏರುತ್ತದೆ. ಲೆಕ್ಕ ಬಲ್ಲ ಆಟಗಾರ ಒಂದು ನಿಮಿಷದ ಮಾತಿನಲ್ಲಿ ಹುಟ್ಟುವೈರಿಯನ್ನು ಬೀಗರ ಮನೆಯವನನ್ನಾಗಿ ಮಾಡಿಬಿಡುತ್ತಿದ್ದ. 2014ರ ಐದನೆಯ ಆವೃತ್ತಿ ಇದಕ್ಕೆ ಲಗಾಮು ಹಾಕಿತು. ಹಗೆ ಇಟ್ಟುಕೊಂಡವನ ಮುಂದೆ 20 ಬಂದರೂ, ತನಗೆ ಅಪಾಯವಾಗಲಿ ನಷ್ಟವಾಗಲಿ ಇಲ್ಲದ್ದನ್ನಷ್ಟೇ ಅವನು ಮಾಡಿಕೊಡುತ್ತಾನೆ. ಜೀವಕ್ಕೆ ಕುತ್ತಾಗುವಂಥ ದೊಡ್ಡ ಅಪಾಯಕ್ಕೆ ಒಪ್ಪುವವನು ಗೆಳೆಯ ಮಾತ್ರ, ಅದೂ 20 ಮುಟ್ಟಿದರೆ. ಈ ಪುಸ್ತಕ ನಮ್ಮ ಕಪಾಟಿನಲ್ಲೇ ಇತ್ತು. ನಾನು ಓದಿರಲಿಲ್ಲ, ಅಷ್ಟೇ.

ಓದಿದ ಮೇಲೂ ಅದರ ಗುಟ್ಟು ತಲೆಗೆ ಹತ್ತಿದ್ದು ವಿಜಯಪುರದಲ್ಲಿ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ. ಖಿಲಾರಿ ಜೋಡಿಯ ಮುಂದೆ ಇಬ್ಬರು ನಿಂತಿದ್ದರು. ಕೊಳ್ಳುವವ ಹಲ್ಲು ನೋಡಿದ, ಸುಳಿ ನೋಡಿದ, ಹತ್ತು ಹೆಜ್ಜೆ ನಡೆಸಿ ನೋಡಿದ. ಆಮೇಲೆ ದಲಾಲಿ ಇಬ್ಬರ ಕೈ ಹಿಡಿದು ಮೇಲೆ ಟವೆಲ್ ಹಾಕಿದ. ಒಳಗೆ ಬೆರಳು ಒತ್ತುವುದು, ಬಿಡುವುದು; ಹೊರಗೆ ಮುಖ ಕಲ್ಲಿನಂತೆ. ನೆರೆದವರಿಗೆ ರೇಟು ತಿಳಿಯದು. ಆಗ ಹೊಳೆಯಿತು: ಟವೆಲ್ ಕೆಳಗೆ ತೀರ್ಮಾನವಾಗುವುದು ಬೆಲೆ ಮಾತ್ರ. ಮಾರುತ್ತಾನೋ ಇಲ್ಲವೋ ಎಂಬುದು ಎತ್ತನ್ನು ಪೇಟೆಗೆ ಹೊಡೆದುಕೊಂಡು ಬಂದಾಗಲೇ ತೀರಿದೆ. ಮಾರಲಾರದ ಎತ್ತಿನ ಕೊಟ್ಟಿಗೆಗೆ ಹೋಗಿ ಯಾರೂ ಟವೆಲ್ ಹಾಸುವುದಿಲ್ಲ. ನಮ್ಮ ದಾಳವೂ ಆ ಟವೆಲ್ಲೇ. ಅಂಬಿಗ ತನ್ನ ಭಯವನ್ನು ಪೇಟೆಗೆ ತಂದಿರಲಿಲ್ಲ. ದೋಣಿಯನ್ನು ಬೇಕಾದರೆ ತಂದಿದ್ದ. 29ಕ್ಕೆ ಅವನು "ದೋಣಿ ಒಯ್ಯಿರಿ, ನಾ ಬರೂದಿಲ್ಲ. ಸುಳಿ ಎಲ್ಲೆಲ್ಲಿ ಐತಿ ಹೇಳ್ತೇನಿ" ಅನ್ನಬೇಕಿತ್ತು.

ಆ ಪೇಟೆಯಲ್ಲಿ ಮಾತು ಮುಗಿದ ಕೂಡಲೆ ಸಂಚಕಾರ, ಅಂದರೆ ಮುಂಗಡ ಹಣ, ಕೈಗೆ ಬರಬೇಕು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಎತ್ತು ಬೇರೆಯವನದು. 2010ರಲ್ಲಿ ವಿನ್ಸೆಂಟ್ ಬೇಕರ್ ಅವರ ಅಪೊಕ್ಯಾಲಿಪ್ಸ್ ವರ್ಲ್ಡ್ ಆಟ ಇದನ್ನೇ ನಿಯಮ ಮಾಡಿದೆ. ಎದುರಿನವನ ಮೇಲೆ ಹಿಡಿತ ಇದ್ದರೆ ಮಾತ್ರ ದಾಳ. 10 ಅಥವಾ ಹೆಚ್ಚು ಬಂದರೆ ನಿಮ್ಮ ಮಾತಿನ ಮೇಲೆ ಒಪ್ಪುತ್ತಾನೆ. 7ರಿಂದ 9 ಬಂದರೆ ಈಗಲೇ, ಇಲ್ಲೇ, ಕಣ್ಣಿಗೆ ಕಾಣುವ ಖಾತ್ರಿ ಕೇಳುತ್ತಾನೆ. ನಾನದನ್ನು ಸಂಚಕಾರದ ನಿಯಮ ಅಂತಲೇ ಕಲಿಸುತ್ತೇನೆ.

ಇನ್ನು ಹಿಡಿತ ಅಂದರೇನು? ಮುಧೋಳ ಇಲ್ಲಿಂದ ದೂರವಿಲ್ಲ, ರನ್ನನ ಊರು. ಅವನ ದುರ್ಯೋಧನನಿಗೆ ತಂದೆತಾಯಿ ಸಂಧಿ ಮಾಡಿಕೋ ಎಂದು ಅಂಗಲಾಚುತ್ತಾರೆ. ಒಲ್ಲೆ ಅಂದ. ಕರ್ಣ, ದುಶ್ಶಾಸನ ಸತ್ತ ಮೇಲೆ ಸಂಧಿ ಅನ್ನುವುದು ಅವನಲ್ಲಿ ಮಾರಾಟಕ್ಕೇ ಇಲ್ಲದ ವಸ್ತು. ಭೀಷ್ಮನೂ ಸಂಧಿಯ ಮಾತೆತ್ತಿ ಸೋತ. ಆದರೆ ಅವನು ಕೇಳಿಕೆಯನ್ನು ಸಣ್ಣದು ಮಾಡಿದ: ಒಂದು ದಿನ ವೈಶಂಪಾಯನ ಸರೋವರದಲ್ಲಿದ್ದು ತಡೆದುಕೋ. ಅದಕ್ಕೆ ಒಪ್ಪಿದ. ಕೊನೆಗೆ ಭೀಮ ಬಂದು ದಂಡೆಯ ಮೇಲೆ ನಿಂತು ಮೂದಲಿಸಿದ. ನೀರೊಳಗಿದ್ದೂ ಬೆವತು ದುರ್ಯೋಧನ ಎದ್ದು ಬಂದ. ಅಭಿಮಾನ ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದು ಭೀಮನಿಗೆ ಗೊತ್ತಿತ್ತು. ತಂದೆತಾಯಿಗೆ ಆಗುವಂತಿರಲಿಲ್ಲ, ಭೀಮನಿಗೆ ಆಗದೆ ಇರುವಂತಿರಲಿಲ್ಲ; ಅನುಮಾನ ಇದ್ದದ್ದು ಭೀಷ್ಮನ ಸಣ್ಣ ಕೇಳಿಕೆಯಲ್ಲಿ. ಹೀಗಾಗಿ ಇವರಲ್ಲಿ ದಾಳ ಹಾಕಬೇಕಾದ್ದು ಭೀಷ್ಮನೊಬ್ಬನೇ ಅನ್ನುವುದು ನನ್ನ ಲೆಕ್ಕ.

ಪ್ರತಿ ಸಲ ಬರುವ ಪ್ರಶ್ನೆ ಒಂದಿದೆ: ಆಟಗಾರ ವಕೀಲನಂತೆ ಮಾತಾಡಿದರೆ ದಾಳ ಯಾಕೆ? ನಮ್ಮಲ್ಲೂ ಅಂಥವನೊಬ್ಬ ಇದ್ದಾನೆ, ಅವನ ಪಾತ್ರ ಮಾತ್ರ ಮೊದ್ದ. ಮೂಲೆಯಲ್ಲಿ ಕೂಡುವ ಆ ಹುಡುಗಿಯ ಪಾತ್ರ ಮಾತಿನ ಮಲ್ಲಿ, ಆಕೆ ನಾಲ್ಕು ಜನರ ಮುಂದೆ ತೊದಲುತ್ತಾಳೆ. ಸೊಗಸಾಗಿ ಆಡಿದ್ದಕ್ಕೆ ನಾನು ಒಂದು ಅಂಕವನ್ನೂ ಕೊಡುವುದಿಲ್ಲ. ಏನು ಕೇಳಿದಿರಿ, ಬದಲಿಗೆ ಏನು ಕೊಡುತ್ತೀರಿ, ಅಷ್ಟು ಹೇಳಿದರೆ ಸಾಕು. ಮುರುಕು ವಾಕ್ಯವಾದರೂ ನಡೆಯುತ್ತದೆ. ಒಬ್ಬ ಆಟಗಾರನ ಪಾತ್ರ ಇನ್ನೊಬ್ಬನ ಪಾತ್ರವನ್ನು ದಾಳ ಹಾಕಿ ಒಪ್ಪಿಸುವುದಂತೂ ನಮ್ಮ ಮೇಜಿನಲ್ಲಿ ಬಂದ್.

ಚಹಾ ಬಂತು ಅನಿಸುತ್ತದೆ. ಕುಡಿದು ಬನ್ನಿ, ಆ ಹೊಳೆಯ ಪ್ರಸಂಗವನ್ನೇ ಇಲ್ಲಿ ಮತ್ತೊಮ್ಮೆ ಆಡೋಣ. ಅಂಬಿಗ ನಾನೇ. ಏನು ಕೊಟ್ಟರೆ ಬಗ್ಗುತ್ತಾನೆ, ಏನು ಕೊಟ್ಟರೂ ಬಗ್ಗುವುದಿಲ್ಲ, ಎರಡನ್ನೂ ಚೀಟಿಯಲ್ಲಿ ಬರೆದು ಈ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ.